ಮುಸುಕಿನ ಜೋಳ: ಕೊಟ್ಟಿಗೆ ಗೊಬ್ಬರ ಹಾಕಿದರೆ ಯೂರಿಯಾ ಎಷ್ಟು ಇಳಿಸಬಹುದು?

ಹೊಲಮನೆ, ಮಳವಳ್ಳಿ
ಎರಡು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ನೀರು. ಈ ಸಲವೂ ಮುಸುಕಿನ ಜೋಳವನ್ನೇ ಹಾಕುವವನಿದ್ದೇನೆ. ಇಷ್ಟು ವರ್ಷ ಎಕರೆಗೆ ಎರಡು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಮೂರು ಚೀಲ ಯೂರಿಯಾ ಕೊಡುತ್ತಿದ್ದೆ. ಪೊಟ್ಯಾಷ್ ಹಾಕುವ ರೂಢಿ ನಮ್ಮ ಕಡೆ ಇಲ್ಲ. ಈಗ ಮನೆಯಲ್ಲಿ ನಾಲ್ಕು ಮಿಶ್ರತಳಿ ಹಸುಗಳಿವೆ, ತಿಪ್ಪೆ ತುಂಬಿ ನಿಂತಿದೆ. ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡ್ ಹೊಡೆಸಬಹುದು. ಅಷ್ಟು ಗೊಬ್ಬರ ಬಿದ್ದ ಮೇಲೆ ಯೂರಿಯಾ ಅರ್ಧ ಸಾಕು ಎಂದು ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಹೈಬ್ರಿಡ್ ಜೋಳ, ಒಂದು ಹಿಡಿಯೂ ಇಳಿಸಬೇಡಿ ಎಂದು ಗೊಬ್ಬರದ ಅಂಗಡಿಯವರು ಹೇಳುತ್ತಾರೆ. ಎರಡನ್ನೂ ಸೇರಿಸಿ ಹಾಕಿ ಬೆಳೆದವರು ಏನು ಹೇಳುತ್ತೀರಿ?

ಗದ್ದೆಬಯಲು, ಕೆ.ಆರ್. ಪೇಟೆ
ಚಿಕ್ಕಪ್ಪನ ಮಾತು ಕೇಳಿ. ಕಡಿಮೆ ಹಾಕಿ ಎಂದ ಅಂಗಡಿಯವನನ್ನು ಯಾರಾದರೂ ಕಂಡಿದ್ದೀರಾ?

ನಾಲೆಯ ಕೊನೆ, ತಿ. ನರಸೀಪುರ
ಅಂಗಡಿಯವನಿಗೆ ಲಾಭವಿದೆ ಎಂದ ಮಾತ್ರಕ್ಕೆ ಅವನು ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ. ಮುಸುಕಿನ ಜೋಳ ಹೊಟ್ಟೆಬಾಕ ಬೆಳೆ. ಮೊಣಕಾಲುದ್ದ ಆದಾಗಿನಿಂದ ಸೂಲಂಗಿ (ತುದಿಯ ಹೂಗೊಂಚಲು) ಬರುವವರೆಗೆ ಅದು ಕೇಳುವ ವೇಗಕ್ಕೆ ಸರಿಯಾಗಿ ತಿಪ್ಪೆ ಗೊಬ್ಬರ ಸಾರಜನಕ ಬಿಟ್ಟುಕೊಡುವುದಿಲ್ಲ. ಗೊಬ್ಬರ ನಿಧಾನ, ಜೋಳ ಅವಸರ. ಯೂರಿಯಾ ಅರ್ಧ ಮಾಡಿದರೆ ಕೆಳಗಿನ ಎಲೆಗಳ ತುದಿಯಿಂದ ನಡುದಿಂಡಿನ ಗುಂಟ ಹಳದಿ ಇಳಿಯುತ್ತದೆ, ಆಮೇಲೆ ಚಿಕ್ಕಪ್ಪ ಬಂದು ತೆನೆ ತುಂಬಿಸುವುದಿಲ್ಲ.

ಲೆಕ್ಕದ ಮೇಷ್ಟ್ರು, ನಂಜನಗೂಡು
ಜಗಳಕ್ಕೆ ಮುಂಚೆ ಲೆಕ್ಕ ಮಾಡೋಣ. ನೀರಾವರಿ ಮುಸುಕಿನ ಜೋಳಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 150:75:40. ಎಕರೆಗೆ ಇಳಿಸಿದರೆ 60 ಕಿಲೋ ಸಾರಜನಕ, 30 ಕಿಲೋ ರಂಜಕ, 16 ಕಿಲೋ ಪೊಟ್ಯಾಷ್.

ನೀವು ಹಾಕುತ್ತಿರುವುದು ಎಷ್ಟು ನೋಡಿ. ಎರಡು ಚೀಲ ಡಿಎಪಿ ಎಂದರೆ 100 ಕಿಲೋ. ಅದರಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕ. ಯೂರಿಯಾ ಚೀಲ ಈಗ 45 ಕಿಲೋ, ಮೂರು ಚೀಲಕ್ಕೆ 135 ಕಿಲೋ, ಅದರಲ್ಲಿ 62 ಕಿಲೋ ಸಾರಜನಕ. ಒಟ್ಟು 80 ಸಾರಜನಕ, 46 ರಂಜಕ, ಪೊಟ್ಯಾಷ್ ಸೊನ್ನೆ. ಅಂದರೆ ತಿಪ್ಪೆಯ ಕಡೆ ತಿರುಗಿಯೂ ನೋಡದೆ ನೀವು ಇಳಿಸಬಹುದಾದ್ದು ಬಹಳ ಇದೆ. ಶಿಫಾರಸಿನಂತೆ ಹೋದರೆ ಎಕರೆಗೆ 65 ಕಿಲೋ ಡಿಎಪಿ, 105 ಕಿಲೋ ಯೂರಿಯಾ, 27 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್.

ಇನ್ನೊಂದು ವಿಷಯ. ಆ ಶಿಫಾರಸಿನ ಜತೆಗೇ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವೂ ಇದೆ, ಎಕರೆಗೆ ನಾಲ್ಕು ಟನ್. ನಿಮ್ಮ ಎರಡು ಲೋಡ್ ಅಷ್ಟು ಎಂದಿಟ್ಟುಕೊಳ್ಳೋಣ. ನಮ್ಮವರು ಆ ಸಾಲನ್ನು ಹಾರಿಸಿ ಚೀಲದ ಸಾಲನ್ನು ಮಾತ್ರ ಓದುತ್ತಾರೆ. ಹಾಗಾಗಿ ಗೊಬ್ಬರ ಹಾಕಿದ್ದೇನೆ, ಶಿಫಾರಸಿನಲ್ಲಿ ಅರ್ಧ ಕಳೆಯುತ್ತೇನೆ ಎನ್ನುವುದು ಒಂದೇ ಬಾಕಿಯನ್ನು ಎರಡು ಸಲ ವಸೂಲು ಮಾಡಿದಂತೆ.

ಗದ್ದೆಬಯಲು, ಕೆ.ಆರ್. ಪೇಟೆ
ಮೇಷ್ಟ್ರೇ, ನಾಲ್ಕು ಟನ್ ಗೊಬ್ಬರದಲ್ಲಿ ಏನೂ ಇಲ್ಲವೇ ಹಾಗಾದರೆ? ನಮ್ಮಜ್ಜ ಬರೀ ಗೊಬ್ಬರದಲ್ಲೇ ಆಳೆತ್ತರ ರಾಗಿ ಬೆಳೆದರು.

ಲೆಕ್ಕದ ಮೇಷ್ಟ್ರು, ನಂಜನಗೂಡು
ಇದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದ ಆಸುಪಾಸು. ನಾಲ್ಕು ಟನ್‌ಗೆ ಸುಮಾರು 20 ಕಿಲೋ ಆಯಿತು. ಆದರೆ ಮೊದಲ ಬೆಳೆಗೆ ಕೈಗೆ ಸಿಗುವುದು ಅದರ ಮೂರನೇ ಒಂದು ಪಾಲು, ಕೆಲವು ಸಲ ಅಷ್ಟೂ ಇಲ್ಲ. ಆರು ಕಿಲೋ ಎಂದಿಟ್ಟುಕೊಳ್ಳಿ. ಅದು 13 ಕಿಲೋ ಯೂರಿಯಾಕ್ಕೆ ಸಮ, ಕಾಲು ಚೀಲಕ್ಕಿಂತ ತುಸು ಹೆಚ್ಚು. ಉಳಿದದ್ದು ಮುಂದಿನ ಬೆಳೆಗಳಿಗೆ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಪೊಟ್ಯಾಷ್ ಹಾಗಲ್ಲ. ಗೊಬ್ಬರದಲ್ಲಿರುವ ಪೊಟ್ಯಾಷ್‌ನ ಹೆಚ್ಚಿನ ಭಾಗ ಅದೇ ವರ್ಷ ಬೆಳೆಗೆ ದಕ್ಕುತ್ತದೆ. ಇಳಿಸಲೇಬೇಕೆಂದರೆ ಇಳಿಸಬೇಕಾದದ್ದು ಅಲ್ಲಿ.

ನಿಮ್ಮಜ್ಜನ ರಾಗಿಗೂ ಇವತ್ತಿನ ಹೈಬ್ರಿಡ್ ಜೋಳಕ್ಕೂ ಹೋಲಿಕೆ ಬೇಡ. ಅಜ್ಜ ಎಕರೆಗೆ ಎಷ್ಟು ಕ್ವಿಂಟಲ್ ಅಳೆದರು ಎಂಬುದನ್ನೂ ಹೇಳಿ.

ಹೊನ್ನಾರು, ಪಾಂಡವಪುರ
ಎಲ್ಲರೂ ವಿಷದ ಚೀಲದ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ಒಂದು ನಾಟಿ ಹಸು ಇದ್ದರೆ ಸಗಣಿ, ಗಂಜಲ, ಬೆಲ್ಲ ಕಲೆಸಿ ಜೀವಾಮೃತ ಮಾಡಿ ಬಿಡಿ. ಸಾರಜನಕ ಗಾಳಿಯಲ್ಲೇ ಇದೆ. ನಮ್ಮ ಹೊಲದಲ್ಲಿ ಯೂರಿಯಾ ಕಾಲಿಟ್ಟು ವರ್ಷಗಳಾದವು, ಎರೆಹುಳು ಎಷ್ಟಿವೆ ಬಂದು ನೋಡಿ.

ನಾಲೆಯ ಕೊನೆ, ತಿ. ನರಸೀಪುರ
ಎರೆಹುಳು ಬಿಡಿ, ಜೋಳ ಎಷ್ಟು ಕ್ವಿಂಟಲ್?

ಹೊನ್ನಾರು, ಪಾಂಡವಪುರ
ನಾನು ಬರೀ ಜೋಳ ಹಾಕುವುದಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ತೊಗರಿ ಇರುತ್ತವೆ. ಒಟ್ಟು ಆದಾಯ ನೋಡಬೇಕು.

ಸಾಲುಮರ, ಹುಣಸೂರು
ಹೊನ್ನಾರು ಅವರೇ, ಅಕ್ಕಡಿಗೆ ನನ್ನ ಒಪ್ಪಿಗೆ ಇದೆ, ದ್ವಿದಳ ಧಾನ್ಯ ಮಣ್ಣಿಗೆ ಒಳ್ಳೆಯದೇ. ಆದರೆ ಜೀವಾಮೃತದ ಲೆಕ್ಕ ಬೇರೆ. 200 ಲೀಟರ್‌ಗೆ ಬೀಳುವುದು 10 ಕಿಲೋ ಸಗಣಿ. ಅದರಲ್ಲಿರುವ ಸಾರಜನಕ ಒಂದು ಹಿಡಿಯೂ ಆಗುವುದಿಲ್ಲ. ಜೀವಾಮೃತವನ್ನು ಪ್ರಚಾರ ಮಾಡಿದ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರೇ ಅದನ್ನು ಗೊಬ್ಬರ ಎನ್ನುವುದಿಲ್ಲ, ಸೂಕ್ಷ್ಮಾಣು ಜೀವಿಗಳ ಹೆಪ್ಪು ಎನ್ನುತ್ತಾರೆ. ಗಾಳಿಯ ಸಾರಜನಕವನ್ನು ಅವರೆಯ ಬೇರಿನ ಗಂಟು ಹಿಡಿಯುತ್ತದೆ, ಜೋಳದ ಬೇರು ಹಿಡಿಯುವುದಿಲ್ಲ. ಅಂದಹಾಗೆ, ಅಕ್ಕಡಿ ಮಾಡುವವರು ಅಟ್ರಜಿನ್ ಕಳೆನಾಶಕ ಹೊಡೆಯಬೇಡಿ. ಜೋಳ ಉಳಿಯುತ್ತದೆ, ಅವರೆ ಸಾಯುತ್ತದೆ.

ಹೊನ್ನಾರು, ಪಾಂಡವಪುರ
ನಾನು ಕಳೆನಾಶಕವನ್ನೇ ಮುಟ್ಟುವುದಿಲ್ಲ ಎಂದು ಬಿಡಿಸಿ ಹೇಳಬೇಕೇ?

ತಾಕಿನ ಬದು, ಮೈಸೂರು
ನಾನು ಕೃಷಿ ಸಂಶೋಧನಾ ತಾಕುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಪ್ರಶ್ನೆಗೆ ನಮ್ಮ ಮಣ್ಣಿನಲ್ಲೇ ಉತ್ತರ ಸಿಕ್ಕಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ಅದೇ ತಾಕುಗಳಲ್ಲಿ ರಾಗಿ, ಅದರ ಹಿಂದೆ ಮುಸುಕಿನ ಜೋಳ ಎಂದು ಸರದಿಯಲ್ಲಿ ಬೆಳೆಯುತ್ತ ಬಂದಿದ್ದಾರೆ. ಅದೂ ಕೆಂಪು ಮಣ್ಣೇ. ಬರೀ ಸಾರಜನಕ ಕೊಟ್ಟ ತಾಕು ವರ್ಷ ಕಳೆದಂತೆ ಸೊರಗಿತು, ಮಣ್ಣು ಹುಳಿಯಾಯಿತು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಪೂರ್ತಿ ಕೊಟ್ಟ ತಾಕು ಪರವಾಗಿಲ್ಲ. ಪೂರ್ತಿ ಎನ್‌ಪಿಕೆಯ ಜತೆ ಕೊಟ್ಟಿಗೆ ಗೊಬ್ಬರವೂ ಬಿದ್ದ ತಾಕು ಎಲ್ಲಕ್ಕಿಂತ ಮುಂದೆ.

ಗೊಬ್ಬರ ಮಾಡುವ ಕೆಲಸ ಚೀಲದ ಕೆಲಸವಲ್ಲ. ನಮ್ಮ ಕೆಂಪು ಮರಳುಗೋಡು ಮಣ್ಣು ನೀರನ್ನೂ ಹಿಡಿಯುವುದಿಲ್ಲ, ಪೋಷಕಾಂಶವನ್ನೂ ಹಿಡಿಯುವುದಿಲ್ಲ. ಯೂರಿಯಾ ಚೆಲ್ಲಿದ ಮರುದಿನ ಜೋರು ಮಳೆ ಬಂದರೆ ಸಾರಜನಕದ ಒಂದು ಪಾಲು ಬೇರಿನ ಕೆಳಕ್ಕೆ ಬಸಿದುಹೋಗುತ್ತದೆ. ಸಾವಯವ ಅಂಶ ಇರುವ ಮಣ್ಣು ಅದನ್ನು ಸ್ವಲ್ಪ ತಡೆದು ನಿಲ್ಲಿಸುತ್ತದೆ. ಗೊಬ್ಬರ ಹಾಕಿದ ವರ್ಷವೇ ಎಷ್ಟು ಚೀಲ ಉಳಿಯಿತು ಎಂದು ಎಣಿಸುವುದು ಬೇಡ, ಹಾಕಿದ ಚೀಲ ಎಷ್ಟು ದಕ್ಕಿತು ಎಂದು ನೋಡಿ. ಮೂರು ನಾಲ್ಕು ವರ್ಷ ಬಿಡದೆ ಗೊಬ್ಬರ ಬಿದ್ದ ಹೊಲದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ಯೂರಿಯಾ ಇಳಿಸಿ.

ಗದ್ದೆಬಯಲು, ಕೆ.ಆರ್. ಪೇಟೆ
ಮಣ್ಣು ಆರೋಗ್ಯ ಚೀಟಿ ನಮ್ಮ ಮನೆಯಲ್ಲೂ ಇದೆ. ನನ್ನ ಹೊಲದ್ದೂ ಪಕ್ಕದವರ ಹೊಲದ್ದೂ ಒಂದಂಕಿ ಬಿಡದೆ ಒಂದೇ. ಅವರದು ಗದ್ದೆ, ನನ್ನದು ಬೆದ್ದಲು!

ತಾಕಿನ ಬದು, ಮೈಸೂರು
ಯೋಜನೆಯಲ್ಲಿ ಹಲವು ಹೊಲಗಳಿಗೆ ಸೇರಿಸಿ ಒಂದು ಮಾದರಿ ತೆಗೆಯುತ್ತಿದ್ದರು, ಅದರ ಫಲ ಅದು. ನೀವೇ ಹೊಲದ ಹತ್ತು ಹನ್ನೆರಡು ಕಡೆ ಒಂದು ಗೇಣು ಆಳ ತೆಗೆದು, ಕಲೆಸಿ, ಅರ್ಧ ಕಿಲೋ ಕೊಟ್ಟು ಮಾಡಿಸಿಕೊಳ್ಳಿ. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗದ ಮಣ್ಣು ಬೇಡ.

ಹಾಲಿನ ಕ್ಯಾನ್, ಮದ್ದೂರು
ನೀವೆಲ್ಲ ಗೊಬ್ಬರದಲ್ಲಿ ಶೇಕಡಾ ಅರ್ಧ ಸಾರಜನಕ ಎಂದು ಹಿಡಿದೇ ಲೆಕ್ಕ ಮಾಡುತ್ತಿದ್ದೀರಿ. ಅಷ್ಟು ಇರುವ ತಿಪ್ಪೆ ಯಾರ ಮನೆಯಲ್ಲಿದೆ? ಕೊಟ್ಟಿಗೆ ತೊಳೆಯುವವಳು ನಾನು, ಆದ್ದರಿಂದ ಹೇಳುತ್ತೇನೆ. ಹಸು ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು, ಪೊಟ್ಯಾಷ್‌ನಲ್ಲಿ ಅದಕ್ಕೂ ಹೆಚ್ಚು ಗಂಜಲದಲ್ಲೇ ಇರುತ್ತದೆ. ಹಿಂದೆ ಮಣ್ಣು ನೆಲದ ಮೇಲೆ ರಾಗಿ ಹುಲ್ಲಿನ ಕಸ ಹರಡುತ್ತಿದ್ದೆವು, ಗಂಜಲ ಅದರಲ್ಲಿ ಇಂಗಿ ತಿಪ್ಪೆಗೆ ಹೋಗುತ್ತಿತ್ತು. ಈಗ ಸಿಮೆಂಟು ನೆಲ, ಮೇಲೆ ರಬ್ಬರ್ ಮ್ಯಾಟ್, ಬೆಳಿಗ್ಗೆ ಪೈಪ್ ಹಿಡಿದರೆ ಸಾರವೆಲ್ಲ ಚರಂಡಿಗೆ. ತಿಪ್ಪೆಗೆ ಹೋಗುವುದು ಬರೀ ಚರಟ. ಅದೂ ವರ್ಷವಿಡೀ ಬಿಸಿಲು ಮಳೆಯಲ್ಲಿ ಬಯಲಲ್ಲಿ ಬಿದ್ದಿರುತ್ತದೆ.

ಹೊಲಮನೆ ಅಣ್ಣ, ನಿಮ್ಮ ತಿಪ್ಪೆ ಗುಂಡಿಯಲ್ಲಿದೆಯೋ ನೆಲದ ಮೇಲಿದೆಯೋ? ಗಂಜಲ ಎಲ್ಲಿಗೆ ಹೋಗುತ್ತದೆ?

ಹೊಲಮನೆ, ಮಳವಳ್ಳಿ
ಅಕ್ಕ, ನೆಲದ ಮೇಲೇ ಇದೆ. ಗಂಜಲ ತೆಂಗಿನ ಬುಡಕ್ಕೆ ಹರಿದುಹೋಗುತ್ತದೆ.

ಹಾಲಿನ ಕ್ಯಾನ್, ಮದ್ದೂರು
ತೆಂಗಾದರೂ ಕುಡಿಯಿತಲ್ಲ, ಚರಂಡಿಗಿಂತ ವಾಸಿ. ಹಾಗಾದರೆ ಮೇಷ್ಟ್ರ ಆರು ಕಿಲೋವನ್ನು ನಾಲ್ಕು ಮಾಡಿಕೊಳ್ಳಿ. ಮುಂದಿನ ವರ್ಷಕ್ಕೆ ಮೂರಡಿ ಆಳದ ಗುಂಡಿ ತೋಡಿಸಿ, ಕೊಟ್ಟಿಗೆಯ ಮೋರಿಯನ್ನು ಅದಕ್ಕೇ ತಿರುಗಿಸಿ, ಒಣ ಕಸ, ಕಬ್ಬಿನ ತರಗು ಏನಿದೆಯೋ ಹಾಕುತ್ತ ಬನ್ನಿ. ತುಂಬಿದ ಮೇಲೆ ಮಣ್ಣು ಮುಚ್ಚಿ.

ಏತನೀರು, ನಾಗಮಂಗಲ
ನಮ್ಮೂರಿನಲ್ಲಿ ನಡೆಯುವುದನ್ನು ಹೇಳುತ್ತೇನೆ. ಯುಗಾದಿ ಕಳೆದ ಕೂಡಲೇ ಗೊಬ್ಬರ ಹೊಡೆದು ಹೊಲದ ತುಂಬ ಗುಡ್ಡೆಗುಡ್ಡೆಯಾಗಿ ಬಿಡುತ್ತಾರೆ. ಮಳೆ ಬಂದು ಉಳುವವರೆಗೆ ಅವು ಹಾಗೆಯೇ ಬಿಸಿಲಿನಲ್ಲಿ ಒಣಗುತ್ತವೆ. ಆಮೇಲೆ ಎರಚುವಾಗಲೂ ಸಲಿಕೆಯಲ್ಲಿ ಮೇಲೆ ಮೇಲೆ ಎತ್ತಿ ಬೀಸುತ್ತಾರೆ. ಜೋಳ ಮೊಣಕಾಲುದ್ದ ಆದಾಗ ಬದುವಿನ ಮೇಲೆ ನಿಂತು ನೋಡಿದರೆ ಗುಡ್ಡೆ ಎಲ್ಲೆಲ್ಲಿ ಇತ್ತೋ ಅಲ್ಲಲ್ಲಿ ಮಂಕರಿಯಗಲ ಕಡುಹಸಿರು, ಎಲೆ ಅಗಲ, ದಂಟು ದಪ್ಪ. ಅದರ ಆಚೆ ಎರಡು ಮಾರು ದೂರದಲ್ಲಿ ತಿಳಿಹಸಿರು, ಸೊರಗಿದ ಪೈರು. ಸಾರ ಗುಡ್ಡೆಯ ಬುಡಕ್ಕೆ ಇಳಿದಿರುತ್ತದೆ, ಒಂದಷ್ಟು ಗಾಳಿಗೆ ಹೋಗಿರುತ್ತದೆ. ಹೊಡೆದ ದಿನವೇ ಎರಚಿ, ಅಂದೇ ಇಲ್ಲ ಮರುದಿನ ಉತ್ತು ಮಣ್ಣಿಗೆ ಸೇರಿಸಿದರೆ ಅದೇ ಎರಡು ಲೋಡ್ ಬೇರೆಯೇ ಕೆಲಸ ಮಾಡುತ್ತದೆ.

ಸಾಲುಮರ, ಹುಣಸೂರು
ಇದು ನೂರಕ್ಕೆ ನೂರು ನಿಜ. ಆದರೆ ಎರಚುವ ಆಳಿನ ಕೂಲಿ ಕೊಡುವವರು ಯಾರು?

ಬೀಳು ಹೊಲ, ಎಚ್.ಡಿ. ಕೋಟೆ
ನಮ್ಮಲ್ಲಿ ಆ ಚಿಂತೆಯೇ ಇಲ್ಲ, ಗೊಬ್ಬರವೇ ಉಳಿಯುವುದಿಲ್ಲ. ಕೇರಳದಿಂದ ಬಂದು ಶುಂಠಿ ಹಾಕುವವರು ತಿಪ್ಪೆ ಬಲಿಯುವ ಮುಂಚೆಯೇ ಮುಂಗಡ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ನಮ್ಮವರು ಆ ದುಡ್ಡಿನಲ್ಲಿ ಯೂರಿಯಾ ತರುತ್ತಾರೆ. ಯೂರಿಯಾ ಚೀಲ 266 ರೂಪಾಯಿಗೆ ಸಿಗುವವರೆಗೆ ಗೊಬ್ಬರಕ್ಕೆ ಬೆಲೆ ಎಲ್ಲಿಂದ ಬರಬೇಕು? ಡಿಎಪಿ 1350 ಆದ ಮೇಲಾದರೂ ಬುದ್ಧಿ ಬರಬೇಕಿತ್ತು.

ನಾಲೆಯ ಕೊನೆ, ತಿ. ನರಸೀಪುರ
266ಕ್ಕೆ ಸಿಕ್ಕರೆ ತಾನೇ. ಬೇಕಾದ ವಾರದಲ್ಲಿ ಸ್ಟಾಕ್ ಇಲ್ಲ, ಇದ್ದರೆ ಜತೆಗೆ ಬೇಡದ ಬಾಟಲಿ ಒಂದನ್ನು ಕೊಂಡರೆ ಮಾತ್ರ ಚೀಲ.

ತೆಂಗಿನ ಸೋಗೆ, ಭಾರತೀನಗರ
ಕಳಿಯದ ಗೊಬ್ಬರ ಹೊಡೆಸಬೇಡಿ ಎಂದು ಯಾರೂ ಹೇಳಲಿಲ್ಲವಲ್ಲ. ಹಸಿ ಗೊಬ್ಬರದಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಇರುತ್ತವೆ, ಜೋಳದ ಬೇರು ತಿಂದು ಸಾಲಿಗೆ ಸಾಲೇ ಒಣಗಿಸುತ್ತವೆ.

ತಾಕಿನ ಬದು, ಮೈಸೂರು
ಮೊದಲ ವಾಕ್ಯ ಸರಿ, ಎರಡನೆಯದು ಅರ್ಧ ಸರಿ. ತಿಪ್ಪೆಯಲ್ಲಿ ಕಾಣುವ ದಪ್ಪ ಹುಳು ಹೆಚ್ಚಾಗಿ ತೆಂಗಿನ ಕುರುವಾಯಿ ಕೀಟದ ಮರಿ. ಅದು ಕೊಳೆತದ್ದನ್ನು ತಿನ್ನುತ್ತದೆ, ಜೋಳದ ಬೇರನ್ನಲ್ಲ. ದೊಡ್ಡದಾಗಿ ದುಂಬಿಯಾದ ಮೇಲೆ ನಿಮ್ಮ ತೆಂಗಿನ ಸುಳಿಗೆ ನುಗ್ಗುತ್ತದೆ. ಹಾಗಾಗಿ ತೋಟದ ಪಕ್ಕದ ತಿಪ್ಪೆಗೆ ಮೆಟಾರೈಜಿಯಂ ಶಿಲೀಂಧ್ರ ಬೆರೆಸುವುದು ತೆಂಗಿಗಾಗಿ. ಬೇರು ತಿನ್ನುವುದು ಗೊಣ್ಣೆ ಹುಳು. ಅದರ ದುಂಬಿ ಮೊದಲ ಮಳೆಗೆ ಹೊರಬಂದು ಹೊಲದ ಮಣ್ಣಿನಲ್ಲೇ ಮೊಟ್ಟೆ ಇಡುತ್ತದೆ, ಹಸಿ ಗೊಬ್ಬರ ಬಿದ್ದ ಹೊಲ ಅದಕ್ಕೆ ಇನ್ನಷ್ಟು ಇಷ್ಟ.

ಹಸಿ ಗೊಬ್ಬರದ ನಿಜವಾದ ತೊಂದರೆ ಬೇರೆಯೂ ಇದೆ. ಹುಲ್ಲು ಕಡ್ಡಿ ಕಳಿಯದೆ ಉಳಿದಿದ್ದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆ ಪೈರು ಹಳದಿಯಾಗುತ್ತದೆ. ಮೇಲೆ ಕಳೆ ಬೀಜ ಉಚಿತ. ಕಳಿತಿದೆಯೇ ಎಂದು ನೋಡಲು ಒಂದು ಹಾರೆಯನ್ನು ತಿಪ್ಪೆಯ ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿಯನ್ನು ಮುಟ್ಟಿ. ಬಿಸಿ ಇದ್ದರೆ ಇನ್ನೂ ಕಳಿಯುತ್ತಿದೆ. ತಣ್ಣಗಿದ್ದು, ಅಂಟಿದ ಗೊಬ್ಬರ ಕಪ್ಪಗೆ ಉದುರಾಗಿ ಮಣ್ಣಿನ ವಾಸನೆ ಬಂದರೆ ಹೊಡೆಸಿ.

ಏತನೀರು, ನಾಗಮಂಗಲ
ಒಣಗಿ ಕೂತ ತಿಪ್ಪೆಯೂ ತಣ್ಣಗೇ ಇರುತ್ತದೆ. ನೀರಿಲ್ಲದೆ ಕಳಿಯುವುದು ನಿಂತಿರುತ್ತದೆ ಅಷ್ಟೇ. ಒಳಗಿನ ಹುಲ್ಲು ಕಡ್ಡಿಯನ್ನೂ ನೋಡಬೇಕು.

ತಾಕಿನ ಬದು, ಮೈಸೂರು
ಹೌದು, ಅದೂ ಸೇರಬೇಕು.

ಗರಿಕೆ, ಪಿರಿಯಾಪಟ್ಟಣ
ಕೋಳಿ ಗೊಬ್ಬರ ಹಾಕಿದರೆ ಹೇಗೆ? ಒಂದು ಲೋಡ್ ಕೊಡುತ್ತೇನೆ ಎಂದು ಫಾರಂನವರು ಬೆನ್ನು ಬಿದ್ದಿದ್ದಾರೆ.

ಲೆಕ್ಕದ ಮೇಷ್ಟ್ರು, ನಂಜನಗೂಡು
ಕೋಳಿ ಗೊಬ್ಬರ ಬಿಸಿ, ಆದರೆ ಸಾರವಂತ. ಸಾರಜನಕ ಶೇಕಡಾ ಎರಡು ಮೂರರವರೆಗೆ ಇರುತ್ತದೆ, ಅದೂ ಬೇಗ ಬಿಡುಗಡೆಯಾಗುತ್ತದೆ. ಅದನ್ನು ಹಾಕಿದವರು ಯೂರಿಯಾ ನಿಜಕ್ಕೂ ಇಳಿಸಬಹುದು, ಇಳಿಸಲೇಬೇಕು. ಹಸಿಯಾಗಿ ಬಿತ್ತನೆಗೆ ಹಾಕಿದರೆ ಮೊಳಕೆ ಸುಡುತ್ತದೆ, ಕಳಿಸಿ ಹಾಕಿ. ಅದರಲ್ಲಿ ರಂಜಕ ಬಹಳ. ಮೇಲೆ ಡಿಎಪಿಯನ್ನೂ ಸುರಿದರೆ ಸತು ಸಿಗದೆ ಪೈರು ಬಿಳಿಯಾಗುತ್ತದೆ. ಸುಳಿಯ ಎಳೆ ಎಲೆಯಲ್ಲಿ ನಡುದಿಂಡಿನ ಎರಡೂ ಬದಿ ಅಗಲವಾದ ಬಿಳಿ ಪಟ್ಟೆ ಕಂಡರೆ ಅದೇ.

ಗರಿಕೆ, ಪಿರಿಯಾಪಟ್ಟಣ
ಬಿಳಿ ಪಟ್ಟೆ ಎಂದರೆ ಕೇದಿಗೆ ರೋಗ ಅಲ್ಲವೇ?

ತಾಕಿನ ಬದು, ಮೈಸೂರು
ಅಲ್ಲ. ಕೇದಿಗೆ ರೋಗದಲ್ಲಿ ಎಲೆ ಕಿರಿದಾಗಿ ಸೆಟೆದು ನಿಲ್ಲುತ್ತದೆ, ಗಿಡ ಗಿಡ್ಡವಾಗುತ್ತದೆ, ಬೆಳಿಗ್ಗೆ ಎಲೆಯ ಅಡಿಯಲ್ಲಿ ಬೂದಿಯಂಥ ಬಿಳಿ ಬೂಷ್ಟು ಕಾಣುತ್ತದೆ. ಸತುವಿನ ಕೊರತೆಯಲ್ಲಿ ಬೂಷ್ಟು ಇರುವುದಿಲ್ಲ. ಮಂಡ್ಯ ಕೇದಿಗೆ ರೋಗದ ತವರು, ಆದ್ದರಿಂದಲೇ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಅದನ್ನು ತಡೆಯುವ ತಳಿಗಳ ಕೆಲಸ ನಡೆಯುತ್ತ ಬಂದಿದೆ. ರೋಗ ಬಂದ ಗಿಡಕ್ಕೆ ಯಾವ ಗೊಬ್ಬರವೂ ಉಪಯೋಗವಿಲ್ಲ, ಕಿತ್ತು ಸುಡಿ.

ಗದ್ದೆಬಯಲು, ಕೆ.ಆರ್. ಪೇಟೆ
ಕೇದಿಗೆ ಬಿಡಿ, ಸೈನಿಕ ಹುಳುವಿನ ಮುಂದೆ ಅದು ಯಾವ ಲೆಕ್ಕ? 2018ರಲ್ಲಿ ಬಂದದ್ದು ಇನ್ನೂ ಹೋಗಿಲ್ಲ. ಯೂರಿಯಾ ಹೆಚ್ಚಾಗಿ ಸೊಪ್ಪು ಮೆತ್ತಗಾದ ಹೊಲಕ್ಕೇ ಮೊದಲು ಬೀಳುತ್ತದೆ.

ಸಾಲುಮರ, ಹುಣಸೂರು
ಹುಳುವಿಗೆ ಬೇರೆ ಚರ್ಚೆ ಶುರು ಮಾಡಿ, ಇಲ್ಲದಿದ್ದರೆ ಹೊಲಮನೆಯವರ ಪ್ರಶ್ನೆ ಹುಳುವಿನ ಪಾಲಾಗುತ್ತದೆ.

ಹಾಲಿನ ಕ್ಯಾನ್, ಮದ್ದೂರು
ಅದಕ್ಕೂ ಮೊದಲು ಒಂದು ಮಾತು ಕೇಳಬೇಕಿತ್ತು. ಅಣ್ಣ, ಜೋಳ ಕಾಳಿಗೋ ರಸಮೇವಿಗೋ (ಸೈಲೇಜ್, ಗಾಳಿಯಾಡದಂತೆ ಕೂಡಿಡುವ ಹಸಿಮೇವು)? ಹಾಲುಗಾಳು ಹಂತದಲ್ಲಿ ಬುಡಸಮೇತ ಕೊಯ್ದು ಮೂಟೆ ಕಟ್ಟಿ ಮಾರುವವರು ಈಗ ನಮ್ಮ ಸುತ್ತ ಬಹಳ. ಪೊಟ್ಯಾಷ್‌ನ ಹೆಚ್ಚಿನ ಭಾಗ ದಂಟು ಸೊಪ್ಪಿನಲ್ಲಿರುತ್ತದೆ. ಕಾಳು ಮಾತ್ರ ಮಾರಿ ದಂಟನ್ನು ಹೊಲಕ್ಕೋ ಹಸುವಿಗೋ ಬಿಟ್ಟರೆ ಅದು ಮನೆಯಲ್ಲೇ ಉಳಿಯುತ್ತದೆ. ಗಿಡವನ್ನೇ ಮಾರಿದರೆ ಲಾರಿ ಹತ್ತಿ ಹೋಗುತ್ತದೆ.

ಹೊಲಮನೆ, ಮಳವಳ್ಳಿ
ಒಂದು ಎಕರೆ ಕಾಳಿಗೆ, ಇನ್ನೊಂದು ರಸಮೇವಿಗೆ ಎಂದುಕೊಂಡಿದ್ದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ ಎಂದು ಕಾಗದದಲ್ಲಿತ್ತು, ಕಳೆದ ಸಲ ವ್ಯಾಪಾರಿ ಕೇಳಿದ ಬೆಲೆ ಅದರ ಹತ್ತಿರವೂ ಇರಲಿಲ್ಲ. ರಸಮೇವಾದರೆ ನಮ್ಮ ಹಸುಗಳಿಗೇ, ಹೊರಗೆ ಮಾರುವುದಿಲ್ಲ.

ಹಾಲಿನ ಕ್ಯಾನ್, ಮದ್ದೂರು
ನಿಮ್ಮ ಹಸುಗಳಿಗೇ ಆದರೆ ಒಳ್ಳೆಯದು. ತಿಂದ ಪೊಟ್ಯಾಷ್ ಗಂಜಲದಲ್ಲಿ ವಾಪಸು ಬರುತ್ತದೆ, ಹಿಡಿದಿಟ್ಟುಕೊಂಡರೆ.

ಲೆಕ್ಕದ ಮೇಷ್ಟ್ರು, ನಂಜನಗೂಡು
ಹಾಗಾದರೆ ನನ್ನ ಸಲಹೆ. ಕಾಳಿನ ಎಕರೆಗೆ ನಾಲ್ಕು ಟನ್ ಗೊಬ್ಬರ ಪೂರ್ತಿ ಬಿದ್ದರೆ ಪೊಟ್ಯಾಷ್ ಅರ್ಧಕ್ಕೆ ಇಳಿಸಬಹುದು. ಗಿಡ ಪೂರ್ತಿ ಎತ್ತುವ ಎಕರೆಗೆ ಇಳಿಸಬೇಡಿ. ಡಿಎಪಿ ಎರಡೂ ಕಡೆ 65 ಕಿಲೋ ಸಾಕು, ಬಿತ್ತುವಾಗ ಬೀಜದ ಪಕ್ಕಕ್ಕೆ, ಎರಡು ಬೆರಳು ಕೆಳಕ್ಕೆ, ಬೀಜಕ್ಕೆ ತಗಲದಂತೆ. ಯೂರಿಯಾ 90ರಿಂದ 105 ಕಿಲೋ, ಸ್ವಲ್ಪ ಬಿತ್ತನೆಗೆ, ದೊಡ್ಡ ಪಾಲು ಮೊಣಕಾಲುದ್ದ ಆದಾಗ ಎಡೆಕುಂಟೆ ಹೊಡೆದು ಮಣ್ಣು ಏರಿಸುವ ಮುಂಚೆ, ಉಳಿದದ್ದು ಸೂಲಂಗಿ ಹೊರಡುವ ಮುಂಚೆ. ಮಣ್ಣಿನ ಮೇಲೆ, ಸುಡುಬಿಸಿಲಿನಲ್ಲಿ ಎರಚಿ ಹಾಗೇ ಬಿಟ್ಟರೆ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಹದದಲ್ಲಿ ಹಾಕಿ ಮಣ್ಣು ಮುಚ್ಚಿ. ಹೀಗೆ ಮುಚ್ಚುವುದರಿಂದಲೂ ಯೂರಿಯಾ ಉಳಿಯುತ್ತದೆ.

ಹೊಲಮನೆ, ಮಳವಳ್ಳಿ
ಬಹಳ ಉಪಕಾರವಾಯಿತು. ಸತುವಿನ ಸಲ್ಫೇಟ್ ಒಂದು ಚೀಲ ತಂದಿಟ್ಟಿದ್ದೇನೆ. ಡಿಎಪಿಯ ಜತೆ ಕಲೆಸಿ ಒಂದೇ ಸಲ ಬಿತ್ತನೆಗೆ ಕೊಡಬಹುದೇ?

ತಾಕಿನ ಬದು, ಮೈಸೂರು
ಬೇಡ. ರಂಜಕವೂ ಸತುವೂ ಸೇರಿದರೆ ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗುವುದಿಲ್ಲ. ಕಳಿತ ಗೊಬ್ಬರ ಒಂದೆರಡು ಮಂಕರಿಗೆ ಕಲೆಸಿ, ಡಿಎಪಿಗಿಂತ ಮುಂಚೆ ಬೇರೆಯಾಗಿ ಹರಡಿ. ಹಾಗೆಯೇ ಯೂರಿಯಾವನ್ನು ಒಲೆಯ ಬೂದಿಯ ಜತೆಯೂ ಕಲೆಸಬಾರದು.

ಗದ್ದೆಬಯಲು, ಕೆ.ಆರ್. ಪೇಟೆ
ನಾನು ಇನ್ನೂ ಚಿಕ್ಕಪ್ಪನ ಪಕ್ಷವೇ. ಒಂದು ಹತ್ತು ಸಾಲಿಗೆ ಅರ್ಧ ಯೂರಿಯಾ ಹಾಕಿ ನೋಡಲಿ, ನಷ್ಟವೇನು?

ನಾಲೆಯ ಕೊನೆ, ತಿ. ನರಸೀಪುರ
ಹತ್ತು ಸಾಲಿಗಾದರೆ ನನ್ನ ತಕರಾರಿಲ್ಲ. ಬದುವಿನ ಪಕ್ಕದ ಸಾಲು ಬೇಡ, ಹೊಲದ ನಡುವಿನ ಸಾಲು ತೆಗೆದುಕೊಳ್ಳಿ. ತೂಕ ಹಾಕುವಾಗ ಎರಡೂ ಕಡೆಯ ಕಾಳನ್ನು ಒಂದೇ ಹದಕ್ಕೆ ಒಣಗಿಸಿ. ಶೇಕಡಾ 14 ತೇವಾಂಶಕ್ಕೆ ಬಂದ ಮೇಲೆ ತೂಗಿ. ಒಂದು ಕಡೆ ಹಸಿ, ಒಂದು ಕಡೆ ಒಣಗಿದ್ದು ತೂಗಿ ಇಲ್ಲಿ ಬಂದು ಅಂಕಿ ಹಾಕಬೇಡಿ.

ಗರಿಕೆ, ಪಿರಿಯಾಪಟ್ಟಣ
ನನ್ನ ಕೋಳಿ ಗೊಬ್ಬರದ ಪ್ರಶ್ನೆ ಅರ್ಧದಲ್ಲೇ ನಿಂತಿತು. ಎಕರೆಗೆ ಎಷ್ಟು ಸಾಕು?

ಲೆಕ್ಕದ ಮೇಷ್ಟ್ರು, ನಂಜನಗೂಡು
ಕಳಿತದ್ದಾದರೆ ಒಂದು ಟನ್‌ನಿಂದ ಶುರು ಮಾಡಿ, ಡಿಎಪಿ ಅರ್ಧ ಕಡಿಮೆ ಮಾಡಿ. ಫಾರಂನವರು ಲೋಡ್ ಲೆಕ್ಕದಲ್ಲಿ ಕೊಟ್ಟರೆ ಒಪ್ಪಬೇಡಿ, ವೇಬ್ರಿಡ್ಜ್ ಚೀಟಿ ಕೇಳಿ. ಭತ್ತದ ಹೊಟ್ಟೇ ಹೆಚ್ಚಿದ್ದರೆ ಆ ಚೀಟಿಗೂ ಬೆಲೆ ಇಲ್ಲ, ಮೊದಲು ಕೈ ಹಾಕಿ ನೋಡಿ.